ಹೀರೋ ಸೀಟು

ಥಿಯೇಟರಿನ ಬಾಗಿಲು ತೆರೆದದ್ದೇ ತಡ, ಮಾಲಿನಿ ಓಡಿಹೋಗಿ ಹೀರೋ ಸೀಟಿನಲ್ಲಿ ಕೂತುಬಿಟ್ಟಳು. ಅಲ್ಲಿ ಕೂತವರಿಗೆ ಹೀರೋಗೆ ಆಗುವುದೆಲ್ಲ ತಮ್ಮ ಮೈಗೇ ಆಗುತ್ತದೆ; ಹೀರೋಯಿನ್ ಸೀಟಿನಲ್ಲಿ ಕೂತವರಿಗೆ ಹೀರೋಯಿನ್‌ಗೆ ಆಗುವುದೆಲ್ಲ. ಇಷ್ಟು ವರ್ಷ ಮನೆಯವರು ಅವಳಿಗೆ ತಂದುಕೊಡುತ್ತಿದ್ದದ್ದು ಹೀರೋಯಿನ್ ಸೀಟಿನ ಟಿಕೆಟ್ಟನ್ನೇ.

"ಏಳೇ, ಅದು ನಂದು," ಎಂದ ಅವಳ ಅಣ್ಣ ಗಿರಿಧರ.

"ನೀನು ಆಗ್ಲೇ ಎರಡು ಸಲ ನೋಡಿದೀಯಲ್ಲಣ್ಣ. ಇವತ್ತು ನಂದು."

ದೀಪ ಆರಿತು. ಗಿರಿಧರ ಗೊಣಗುತ್ತ ಪಕ್ಕದ ಹೀರೋಯಿನ್ ಸೀಟಿನಲ್ಲಿ ಕೂತ. ತೆರೆಯ ಮೇಲೆ ಹೀರೋ ಹಾಡುತ್ತ ಹೀರೋಯಿನ್ ಹಿಂದೆ ಬಸ್‌ಸ್ಟ್ಯಾಂಡಿನವರೆಗೂ ಹೋದ. ಗಿರಿಧರನಿಗೆ ಬಾಯಿಪಾಠವಾಗಿದ್ದ ಹಾಡು ಅದು. ಶಿಳ್ಳೆ ಹಾಕಲು ಕೈಗಳನ್ನು ಎತ್ತಿದರೆ, ಅವು ಬಾಯಿಗೆ ಹೋಗದೆ, ಇಲ್ಲದ ಬ್ಯಾಗೊಂದನ್ನು ಎದೆಗೆ ಅವುಚಿಕೊಂಡವು.

ಇಂಟರ್ವಲ್‌ನಲ್ಲಿ ಮಾಲಿನಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಫೈಟ್ ಹೆಂಗಿತ್ತು?" ಎಂದು ಗಿರಿಧರ ಮೆಲ್ಲಗೆ ಕೇಳಿದ.

"ಫೈಟ್ ಬಿಡೋ. ಸರಿರಾತ್ರೀಲಿ ಅಂಗಡಿ ಮುಂದೆ ಒಬ್ನೇ ನಿಂತ್ಕೊಂಡು ಟೀ ಕುಡಿದ್ನಲ್ಲ, ಒಂದ್ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ. ಮೈ ಎಷ್ಟು ಹಗುರ ಇತ್ತು ಗೊತ್ತಾ?"

ಬೆಲ್ ಆಯಿತು. "ಬಾ, ಈಗ ನಿನ್ನ ಸೀಟು ತಗೋ," ಎಂದಳು.

ಗಿರಿಧರ ಹೀರೋಯಿನ್ ಸೀಟಿನ ಕಡೆಗೇ ನಡೆದ.

"ನೀನೇ ಕೂತ್ಕೊ. ಸೆಕೆಂಡ್ ಹಾಫಲ್ಲಿ ಇನ್ನೊಂದ್ಸಲ ಟೀ ಕುಡೀತಾನೆ."