ಮುರಿಗೆವ್ವನ ಎರಡು ಗಂಟು

ಸಿದ್ದರಾಮ ಹೆಣ್ಣುಮಕ್ಕಳ ಫೈಲುಗಳಲ್ಲಿ ಒಂದೇ ಒಂದನ್ನು ಬಿಟ್ಟು ಉಳಿದ ನಾನೂರಾ ಹನ್ನೊಂದಕ್ಕೂ ಗುರುತು ಹಾಕಿದ. ಬೆನ್ನ ಹಿಂದೆಯೇ ಮುರಿಗೆವ್ವ ಕೂತಿದ್ದಳು. ಕೂತರೇನಂತೆ, ಅವಳಿಗೆ ಓದಲು ಬಾರದು. ಎಣಿಸಲು ಮಾತ್ರ ಬರುತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಮೂವತ್ತು ವರ್ಷ ಊರೂರು ತಿರುಗಿ ಹೆಣ್ಣು-ಗಂಡು ಕೂಡಿಸಿದವಳು ಮುರಿಗೆವ್ವ. ಅವಳು ಸವೆಸಿದ ಚಪ್ಪಲಿ ಪೇರಿಸಿದ್ದರೆ ಗೋಳಗುಮ್ಮಟಕ್ಕಿಂತ ಒಂದು ಗೇಣು ಕಡಿಮೆ ಬೀಳುತ್ತಿತ್ತು, ಅಷ್ಟೇ. ಈಗ ವಿಜಯಪುರದ ಗಾಂಧಿಚೌಕದ ಹಿಂದೆ ಕುರ್ಚಿ ಹಾಕಿಕೊಂಡು ಅದೇ ಕೆಲಸವನ್ನು ವೆಬ್‌ಸೈಟಿನಲ್ಲಿ ಮಾಡುತ್ತಿದ್ದಳು. ಕಂಪ್ಯೂಟರಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಮೇಜಿನ ಮೇಲೆ ಎರಡು ಹಿತ್ತಾಳೆ ಚೆಂಬು ಇಟ್ಟಿದ್ದಳು. ಒಂದರಲ್ಲಿ ಹೆಣ್ಣಿಗೊಂದು ಹುಣಸೆ ಬೀಜ, ಇನ್ನೊಂದರಲ್ಲಿ ಗಂಡಿಗೊಂದು ಗೋವಿನಜೋಳದ ಕಾಳು. ಮದುವೆ ಗೊತ್ತಾದರೆ ಎರಡರಿಂದಲೂ ಒಂದೊಂದು ತೆಗೆದು, ಅರಿಷಿಣ ಹಚ್ಚಿ, ಸೊಂಟದ ಚೀಲಕ್ಕೆ ಹಾಕುವಳು. ಪರದೆ ತೋರಿಸುವ ಲೆಕ್ಕ ಚೆಂಬಿನ ಲೆಕ್ಕಕ್ಕೆ ಕೂಡಲೇಬೇಕು.

ವೆಬ್‌ಸೈಟು ಇಟ್ಟಿದ್ದ ಹಳೆಯ ಹೋಸ್ಟಿಂಗ್ ಖಾತೆಯಲ್ಲಿ ಜಾಗ ತುಂಬಿತ್ತು. ಅವತ್ತು ಮಧ್ಯಾಹ್ನ ಎರಡಕ್ಕೆ ಅದರ ವಾಯಿದೆಯೂ ಮುಗಿಯುತ್ತಿತ್ತು. ಅಷ್ಟರೊಳಗೆ ಎಲ್ಲ ಫೈಲುಗಳನ್ನೂ ಒತ್ತಿ ಗಂಟು ಕಟ್ಟಿ, ಅಂದರೆ ಜಿಪ್ ಮಾಡಿ, ಹೊಸ ಖಾತೆಗೆ ಸಾಗಿಸಬೇಕು. ಹೊಸ ಖಾತೆ ತೆರೆದದ್ದು ತಿಕೋಟಾ ಶಾಖೆಯ ರಾಜೇಶ್ವರಿಯ ಮೊಬೈಲ್ ನಂಬರಿನ ಮೇಲೆ. ಅಲ್ಲಿ ಜಿಪ್ ಬಿಚ್ಚುವವಳೂ ಅವಳೇ.

"ಹಂಗ ಒತ್ತಿ ತುಂಬಿದ್ರ ಹುಡುಗ್ಯಾರ ಮುಖ ಚಪ್ಪಟಿ ಆಗೂದಿಲ್ಲೇನಲೇ?" ಮುರಿಗೆವ್ವ ಕೇಳಿದಳು.

"ಇಲ್ರಿ ಅಕ್ಕಾರ. ಹಾಸಿಗಿ ಸುತ್ತಿಟ್ಟಂಗರಿ. ಅಲ್ಲಿ ಬಿಚ್ಚಿದ್ರ ಮತ್ತ ಅಷ್ಟ ಉದ್ದ, ಅಷ್ಟ ಅಗಲ."

"ಹಂಗಾದ್ರ ಎರಡ ಗಂಟ ಕಟ್ಟು. ಹೆಣ್ಣ ಬ್ಯಾರೆ, ಗಂಡ ಬ್ಯಾರೆ. ಲಗ್ನಾ ಆಗದ ಒಂದ ಹಾಸಿಗ್ಯಾಗ ಸುತ್ತೂ ಪದ್ಧತಿ ನಮ್ಮಲ್ಲಿಲ್ಲ."

ಸಿದ್ದರಾಮ ಎರಡು ಜಿಪ್ ಮಾಡಿದ. ಗಂಡಿನ ಗಂಟಿನಲ್ಲಿ ಮುನ್ನೂರಾ ಎಂಬತ್ತೆಂಟು. ಎರಡು ಸಲ ಎಣಿಸಿದ. ಒಂದೂ ಬಿಡಲಿಲ್ಲ.

ಹೆಣ್ಣಿನ ಗಂಟಿನಲ್ಲಿ ಅವನು ಬಿಟ್ಟದ್ದು ರಾಜೇಶ್ವರಿಯ ಫೈಲು.

ಕೆಲಸಕ್ಕಿದ್ದವರ ಬಯೋಡಾಟಾವನ್ನೂ ಮುರಿಗೆವ್ವ ಬಿಟ್ಟಿರಲಿಲ್ಲ. ಸಿದ್ದರಾಮನದೂ ಇತ್ತು, ಎರವಲು ಕೋಟಿನ ಫೋಟೋ ಸಮೇತ. ಆ ಫೋಟೋದಿಂದ ಬಬಲೇಶ್ವರದ ಅವನ ಮನೆಗೆ ಎರಡು ವರ್ಷದಲ್ಲಿ ಬಂದದ್ದು ಒಂದೇ ಫೋನು. ಕೋಟು ವಾಪಸ್ ಕೇಳಿದ್ದು.

ರಾಜೇಶ್ವರಿಯ ಸಂಗಡ ಅವನು ಎರಡು ವರ್ಷದಿಂದ ಮಾತಾಡುತ್ತಿದ್ದ. ದಿನಾ. "ಫೈಲ ಬಂತ್ರೀ?" ಅನ್ನುವನು ಇವನು. "ಬಂತ್ರಿ ಸರ," ಅನ್ನುವಳು ಅವಳು. ಅಷ್ಟನ್ನೇ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಬಲೇಶ್ವರದ ಬಸ್ಸು ಹತ್ತುವನು. ಮನಸ್ಸಿನ ಮಾತನ್ನು ದೀಪಾವಳಿಗೆ ಹೇಳಬೇಕೆಂದಿದ್ದ. ಎರಡು ದೀಪಾವಳಿ ಹೋಗಿದ್ದವು.

ಅವತ್ತು ನಾಲ್ಕಕ್ಕೆ ಕನಮಡಿಯವರು ಬರುವವರಿದ್ದರು. ದೊಡ್ಡ ಮನೆ. ಮಗನಿಗೊಂದು ಕನ್ಯೆ, ಮಗಳಿಗೊಂದು ವರ, ಒಂದೇ ಚಪ್ಪರದಲ್ಲಿ ಎರಡೂ ಮುಗಿಸುವ ಅವಸರ. ಸೊಸೆ ಡಿಗ್ರಿ ಓದಿರಬೇಕು, ಕಂಪ್ಯೂಟರ್ ಬಲ್ಲವಳಾಗಿರಬೇಕು, ತಿಕೋಟಾ ಕಡೆಯವಳಾದರೆ ಬಹಳ ಚಲೋ. ಅಂಥವಳು ಇಡೀ ವೆಬ್‌ಸೈಟಿನಲ್ಲಿ ಒಬ್ಬಳೇ. ಅವರ ಕಣ್ಣಿಗೆ ಬಿದ್ದರೆ ಮುರಿಗೆವ್ವ ಐದರೊಳಗೆ ಅರಿಷಿಣ ಹಚ್ಚುವಳು. ಸಾಗಿಸುವಾಗ ಕಳೆದ ಫೈಲಿಗೆ ಮಾತ್ರ ಯಾರೂ ಹೊಣೆಯಲ್ಲ.

ಒಂದೂವರೆಗೆ ತಿಕೋಟಾದಿಂದ ಫೋನು ಬಂತು.

"ಸರ, ಎರಡೂ ಗಂಟ ಬಂದಾವ್ರಿ. ಸಾಗಸೂ ಮುಂದ ಒಂದೊಂದ ಸಲ ಫೈಲ ಬಿದ್ದಹೋಗ್ತಾವಂತ. ಖರೇನ್ರಿ?"

ಸಿದ್ದರಾಮ ಮುರಿಗೆವ್ವನ ಕಡೆ ಓರೆಗಣ್ಣಿನಿಂದ ನೋಡಿದ. "ಹೋಗ್ತಾವ್ರಿ. ಅದರಾಗ ಯಾರ ತಪ್ಪೂ ಇರೂದಿಲ್ರಿ."

"ಇರೂದಿಲ್ಲ ನೋಡ್ರಿ." ಕೀಲಿಮಣೆಯ ಸದ್ದು. ಆಮೇಲೆ, ಮೆಲ್ಲಗೆ: "ಹೆಣ್ಣಿನ ಗಂಟ ಬಿಚ್ಚಿ ನೋಡಿದ್ನಿರಿ. ನೀವು ಏನ ಬಿಟ್ಟೀರಿ ಅಂತ ತಿಳೀತು."

ಸಿದ್ದರಾಮ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ.

"ಇನ್ನೊಂದ ಗಂಟ ಐತಲ್ರಿ, ಅದನ್ನ ನಾ ನೋಡ್ಕೋತೇನಿ," ಎಂದು ಅವಳು ಫೋನು ಇಟ್ಟಳು.

"ಏನಂತಲೇ?" ಮುರಿಗೆವ್ವ ಕೇಳಿದಳು.

"ಬಂತಂತ್ರಿ."

"ಬಂತು ಅನ್ನಾಕ ಇಷ್ಟ ಬೆವರೇನಲೇ ತಮ್ಮಾ?"

ಎರಡಕ್ಕೆ ಹಳೆಯ ಖಾತೆ ಮುಚ್ಚಿತು. ಮೂರಕ್ಕೆ ಹೊಸದು ತೆರೆಯಿತು. ಮೂರೂವರೆಗೆ ಮುರಿಗೆವ್ವ ಚೆಂಬು ಎಳೆದುಕೊಂಡಳು. ಅವಳು ಇನ್ನೂ ಬೈದಿಲ್ಲವೆಂದರೆ ತಿಕೋಟಾದಿಂದ ಚಾಡಿ ಬಂದಿಲ್ಲ. ಸಿದ್ದರಾಮ ಅಷ್ಟೇ ಧೈರ್ಯದ ಮೇಲೆ ಕೂತಿದ್ದ.

"ಹೆಣ್ಣ ಎಷ್ಟ?"

"ನಾನೂರಾ ಹನ್ನೊಂದ್ರಿ."

ಹುಣಸೆ ಬೀಜ ಐದೈದಾಗಿ ಸರಿದವು. ಕೊನೆಗೆ ಒಂದು ಉಳಿಯಿತು. "ಯಾವಾಕಿ ಕಳದ್ಲು?"

ಸಿದ್ದರಾಮ ಹುಡುಕಿದ. ಗೊತ್ತಿದ್ದದ್ದನ್ನು ಅಷ್ಟು ಹೊತ್ತು ಹುಡುಕಿದವರು ಆ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. "ನಮ್ಮ ತಿಕೋಟಾದ ರಾಜೇಶ್ವರಿ ಅವರದರಿ. ಬರೂ ಮುಂದ ಬಿದ್ದಿರಬೇಕ್ರಿ."

ಮುರಿಗೆವ್ವ ಅವನ ಕಿವಿ ನೋಡಿದಳು. ಕೆಂಪಾಗಿದ್ದವು. "ಗಂಡ ಎಷ್ಟ?"

"ಮುನ್ನೂರಾ ಎಂಬತ್ತೆಂಟ್ರಿ."

"ಗೋಡಿ ನೋಡಿ ಹೇಳಬ್ಯಾಡ. ಅದನ್ನ ನೋಡಿ ಹೇಳು."

ನೋಡಿದ. ಮುನ್ನೂರಾ ಎಂಬತ್ತೇಳು.

ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಅಷ್ಟೇ. ಈ ಗಂಟಿನಿಂದ ಅವನು ಏನೂ ತೆಗೆದಿರಲಿಲ್ಲ. ಮುರಿಗೆವ್ವನ ಅಂಗೈಯಲ್ಲೂ ಗೋವಿನಜೋಳದ ಒಂದು ಕಾಳು ಉಳಿದಿತ್ತು.

"ಯಾವಂವಲೇ ಅಂವ?"

ಸಿದ್ದರಾಮ ಊರಿಂದೂರಿಗೆ ಪಟ್ಟಿ ಇಳಿಸತೊಡಗಿದ. ಭೂತನಾಳ ಪೂರ್ತಿ ಇತ್ತು. ಕನಮಡಿ ಪೂರ್ತಿ ಇತ್ತು. ಕಳ್ಳಕವಟಗಿ ಪೂರ್ತಿ ಇತ್ತು. ಮುರಿಗೆವ್ವ ಉತ್ತರಕ್ಕೆ ಕಾಯದೆ ಅರಿಷಿಣದ ಬಟ್ಟಲು ತೆರೆದು, ಬೀಜಕ್ಕೊಂದಿಷ್ಟು, ಕಾಳಿಗೊಂದಿಷ್ಟು ಹಚ್ಚಿ, ಎರಡನ್ನೂ ಸೊಂಟದ ಚೀಲಕ್ಕೆ ಹಾಕಿದಳು.

ಬಬಲೇಶ್ವರದ ಸಾಲಿನಲ್ಲಿ ಎರವಲು ಕೋಟಿನವನು ಇರಲಿಲ್ಲ.