ಇಲ್ಲ ಅಂದವರು ಔಟ್

ಬರೆದಿಟ್ಟ ಮಾತಿಲ್ಲದೆ ನಿಂತಲ್ಲೇ ನಗಿಸುವುದನ್ನು ಕಲಿಸಲು ಮೃತ್ಯುಂಜಯ ಒಂದು ಹೋಟೆಲಿನ ಮಹಡಿಯಲ್ಲಿ ತೆರೆದ ಶಾಲೆಗೆ ಈಗ ನಾಲ್ಕನೇ ಶಾಖೆ. ತಾನಿಲ್ಲದಿದ್ದರೆ ಈ ಊರಿಗೆ ನಗುವುದೇ ಗೊತ್ತಿರುತ್ತಿರಲಿಲ್ಲ ಎಂದು ಅವನ ನಂಬಿಕೆ. ಶಾಲೆಯ ನಿಯಮ ಒಂದೇ: ವೇದಿಕೆಯಲ್ಲಿ ಎದುರಿನವರು ಏನೇ ಹೇಳಲಿ, ಒಪ್ಪಿಕೊಂಡು ಆಟ ಮುಂದುವರಿಸಬೇಕು. 'ಇಲ್ಲ' ಅಂದವರನ್ನು ಉಳಿದವರೆಲ್ಲ 'ಔಟ್' ಎಂದು ಕೂಗಿ ಕೆಳಗಿಳಿಸುತ್ತಾರೆ.

ಹೊಸ ಶಾಖೆಯ ಉದ್ಘಾಟನೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. "ಯಾರು ಬೇಕಾದರೂ ಬನ್ನಿ, ಏನು ಬೇಕಾದರೂ ಹೇಳಿ," ಎಂದ ಮೃತ್ಯುಂಜಯ ವೇದಿಕೆಯಿಂದ.

ಜಲಜಾಕ್ಷಿ ಎದ್ದು ವೇದಿಕೆಗೆ ಬಂದಳು. ಶಾಲೆಯಲ್ಲಿ ಮೊದಲಿನಿಂದಲೂ ಪಾಠವೆಲ್ಲ ಮಾಡುತ್ತಿದ್ದವಳು ಅವಳೇ. ಅವನ ಪ್ರಕಾರ ಮಾತ್ರ ಅವಳು ಕುರ್ಚಿ ಜೋಡಿಸೋಕಷ್ಟೇ ಲಾಯಕ್ಕು.

"ಇವಳಾ? ಸರಿ, ಅದೇನು ಒದರ್ತೀಯೋ ಒದರು," ಎಂದು ಸಭೆಯತ್ತ ಕಣ್ಣು ಮಿಟುಕಿಸಿದ.

ಅವಳು ಕೈಮುಗಿದಳು. "ಸರ್, ಪಾಠ ಮಾಡೋದೆಲ್ಲ ನಾನು, ನಿಮ್ಮದು ಬರೀ ಪೋಸ್ಟರಿನ ಫೋಟೋ ಅಂತ ಬೆಳಿಗ್ಗೆ ನೀವೇ ಒಪ್ಪಿಕೊಂಡ್ರಿ. ಈ ಶಾಖೆ ನೀನೇ ನಡೆಸು ಅಂದ್ರಿ. ಅದನ್ನ ಇವರಿಗೂ ಒಂದು ಸಲ ಹೇಳಿಬಿಡಿ."

ಮೃತ್ಯುಂಜಯನ ಮುಖ ಕೆಂಪಾಯಿತು. "ಇಲ್ಲ, ನಾನ್ಯಾವಾಗ ಹಾಗಂದೆ?"

ಸಭೆಯಲ್ಲಿ ಕೂತಿದ್ದ ಅವನ ಶಿಷ್ಯರೆಲ್ಲ ಒಂದೇ ದನಿಯಲ್ಲಿ ಕೂಗಿದರು: "ಔಟ್."