ಜೋಡಿ ಪಟ್ಟಿ

ಬಸ್ ಡ್ರೈವರ್ ಫಕ್ಕೀರಪ್ಪನ ಕೆಮ್ಮು ನಿಲ್ಲುವವರೆಗೆ ಔಷಧಿ ಅಂಗಡಿಯ ಸುಭಾನಿ ಕಾದ. ಬೀಡಿ ಬಿಡಿಸುವ ಮದ್ದಿಗೆಂದು ಫಕ್ಕೀರಪ್ಪ ಹೆಂಡತಿಯನ್ನು ಕರೆದುಕೊಂಡು ಬಂದದ್ದು ಇದು ಮೂರನೆಯ ಸಲ.

"ಗುಳಿಗಿ ಕೊಡಲೋ, ಜೋಡಿ ಪಟ್ಟಿ ಕೊಡಲೋ? ಗುಳಿಗಿ ಆದ್ರ ಚಡಪಡಿಕಿ ಎಲ್ಲಾ ನೀನ ತಡಕೋಬೇಕು ನೋಡಣ್ಣಾ."

ಜೋಡಿ ಪಟ್ಟಿ ಸುಲಭ. ಒಂದನ್ನು ಸೇದುವವನ ತೋಳಿಗೆ, ಇನ್ನೊಂದನ್ನು ಮನೆಯವರ ತೋಳಿಗೆ ಅಂಟಿಸಿದರೆ ಸೇದುವ ಆಸೆ ಅತ್ತ ದಾಟುತ್ತದೆ. ಅವರು ನಲವತ್ತು ದಿನ ತಡೆದುಕೊಂಡರೆ ತಾನಾಗಿ ಸಾಯುತ್ತದೆ. ಎರಡು ಸಲವೂ ಹೆಂಡತಿ ಶಿವಗಂಗವ್ವ ಅದನ್ನು ಹೊತ್ತಿದ್ದಳು. ಎರಡು ಸಲವೂ ಫಕ್ಕೀರಪ್ಪ ಡಿಪೋದ ಚಹಾದಂಗಡಿಯಲ್ಲಿ ಮತ್ತೆ ಬೀಡಿ ಹಚ್ಚಿದ್ದ.

"ಪಟ್ಟೀನ ಕೊಡಪಾ, ನನಗ ರೂಢಿ ಆಗೇತಿ," ಎಂದು ಶಿವಗಂಗವ್ವ ತೋಳು ಚಾಚಿದಳು. ಸೆರಗಿನ ಗಂಟಿನಿಂದ ಬೀಡಿಯ ತುದಿಯೊಂದು ಇಣುಕುತ್ತಿತ್ತು.

ಫಕ್ಕೀರಪ್ಪ ಅದನ್ನೇ ನೋಡಿದ. "ಯಾವಾಗಿಂದ?"

"ಹ್ವಾದ ದೀಪಾವಳಿಯಿಂದ. ತಡಕೊಳ್ಳಾಕ ಆಗಲಿಲ್ರಿ. ಬೈತೀರಂತ ಹೇಳಲಿಲ್ಲ."

ಬೈಯಲು ಅವನಲ್ಲಿ ಉಸಿರಿರಲಿಲ್ಲ, ಮುಖವೂ ಇರಲಿಲ್ಲ.

"ಗುಳಿಗಿ ಕೊಡು ಸುಭಾನಿ. ಪಟ್ಟೀನೂ ಕೊಡು. ಇಕೀದು ನನ್ನ ಕಡೆ ದಾಟಲಿ."

"ಇಬ್ಬರ ಆಸೆ ಒಬ್ಬನ ತಡಕೊಂತೀಯೇನಣ್ಣಾ?"

ಫಕ್ಕೀರಪ್ಪ ಖಾಕಿ ಅಂಗಿಯ ತೋಳು ಮೇಲೆ ಸರಿಸಿದ. "ಮೊದಲ ಕುಂದರಾಕ ಒಂದು ಸ್ಟೂಲ್ ಕೊಡಪಾ."